ನೆನಪಿನ ಪರೀಕ್ಷೆಗೆ ಕೂತ ಗಡಿಯಾರದ ತಾತ

ಎಪ್ಪತ್ತೆಂಟು ವರ್ಷ ಯಾವುದಕ್ಕೂ ಜಗ್ಗದೆ ಬದುಕಿದ್ದ ಗಡಿಯಾರದ ತಾತ, ಅಂದು ಬೆಳಿಗ್ಗೆ ಎಂಟು ಗಂಟೆಗೆ ಬಂದ ಒಂದು ಫೋನಿಗೆ ಬೆವತುಹೋದರು.

"ಆಸ್ಪತ್ರೆಯಿಂದ ಮಾತಾಡ್ತಿದೀನಿ. ಇವತ್ತು ಹನ್ನೊಂದಕ್ಕೆ ನಿಮ್ಮ ನೆನಪಿನ ಪರೀಕ್ಷೆ. ಹದಿನೈದು ದಿನದ ಹಿಂದೇನೇ ಕಾಗದ ಹಾಕಿದ್ವಲ್ಲ, ನೆನಪಿಲ್ವಾ?"

"ನೆನಪಿದೆ, ನೆನಪಿದೆ," ಎಂದರು ತಾತ. ಕಾಗದ ಬಂದದ್ದೂ ನೆನಪಿರಲಿಲ್ಲ, ಅದನ್ನು ಎಲ್ಲಿಟ್ಟರೆಂಬುದೂ ನೆನಪಿರಲಿಲ್ಲ.

"ಎಪ್ಪತ್ತೈದು ದಾಟಿದ ಎಲ್ರಿಗೂ ಮಾಡ್ತಿದೀವಿ. ನಿಮಗೆಷ್ಟು ಅಂಕ ಬರುತ್ತೆ ನೋಡ್ಕೊಂಡು, ನಿಮ್ಮನೇಲಿರೋ ರೋಗಿ ವಿಷಯ ತೀರ್ಮಾನ ಮಾಡ್ತಾರೆ," ಎಂದು ಆ ಹೆಣ್ಣುದನಿ ಫೋನ್ ಇಟ್ಟುಬಿಟ್ಟಿತು.

ಮನೆಯಲ್ಲಿರುವ ರೋಗಿ ಎಂದರೆ ತಾತನ ಹೆಂಡತಿ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದು ಎರಡು ವರ್ಷ. ಕಣ್ಣು ಮಂಜಾಗಿ ಮೂರು ವರ್ಷ. ನಾಲಿಗೆ ಮಾತ್ರ ಮದುವೆಯಾದ ದಿನ ಹೇಗಿತ್ತೋ ಹಾಗೇ ಇತ್ತು. ಐವತ್ತು ವರ್ಷ ಊರಿನ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸಿದ ತಾತನಿಗೆ ಈಗ ಇದ್ದದ್ದು ಒಂದೇ ಕೆಲಸ: ಆಕೆಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು. ದಿನಕ್ಕೆ ಹನ್ನೊಂದು ಮಾತ್ರೆ. ಅದರಲ್ಲಿ ಆರು ಬಿಳಿ, ಆರೂ ಗುಂಡಗೆ. ಯಾವ ಪುಣ್ಯಾತ್ಮ ಮಾಡಿಸಿದನೋ!

ಹೋದ ವಾರ ತಾತ ರಾತ್ರಿಯ ನಿದ್ದೆ ಮಾತ್ರೆಯನ್ನು ಬೆಳಿಗ್ಗೆಯೇ ಕೊಟ್ಟುಬಿಟ್ಟಿದ್ದರು. ಆಕೆ ಸಂಜೆಯವರೆಗೂ ಕಣ್ಣು ಬಿಡಲಿಲ್ಲ. ತಾತ ಅಷ್ಟು ಹೊತ್ತೂ ಊಟ ಬಿಟ್ಟು, ಆಕೆಯ ನಾಡಿ ಹಿಡಿದು, ಅಳುತ್ತಾ ಕೂತಿದ್ದರು. ಎಚ್ಚರವಾದ ಮೇಲೆ ಆಕೆ ಹೇಳಿದ್ದು ಒಂದೇ ಮಾತು, "ಯಾರ ಹತ್ರಾನೂ ಬಾಯಿ ಬಿಡಬೇಡಿ." ತಾತ ಬಿಟ್ಟಿರಲಿಲ್ಲ.

ಈಗ ಫೋನಿನ ವಿಷಯ ಹೆಂಡತಿಗೆ ಹೇಳುವಷ್ಟರಲ್ಲಿ ಮಹಡಿ ಮೇಲಿನ ಮನೆಯ ರೇಡಿಯೋ ಚಿಕ್ಕಮ್ಮ ಬಾಗಿಲಲ್ಲಿದ್ದರು. ಆಕೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಚಮಚ ಬಿದ್ದರೂ ಆಕೆಯ ಮೂಲಕವೇ ಉಳಿದವರಿಗೆ ತಿಳಿಯಬೇಕು.

"ಅಯ್ಯೋ, ನಿಮಗೂ ಬಂತಾ?" ಎಂದು ಆಕೆ ಅಲ್ಲೇ ಕುಸಿದು ಕೂತರು. "ನಂದು ಮೊನ್ನೆ ಆಯ್ತು. ಐದು ಪದ ಹೇಳಿ, ಆಮೇಲೆ ಕೇಳಿದ್ರು. ಎರಡೇ ಬಂತು! ಮೆಟ್ಟಿಲು ಇಳಿಯೋವಾಗ ಐದೂ ಬಂತು, ಏನು ಪ್ರಯೋಜನ? ನನ್ನ ಕಥೆ ಮುಗೀತು. ಹಾಸಿಗೆ ಹಿಡಿದಿರೋ ನಮ್ಮನೆಯವರನ್ನ ವೃದ್ಧಾಶ್ರಮಕ್ಕೆ ಹಾಕ್ತಾರೆ. ಅವರ ಪೆಟ್ಟಿಗೆ ಕೂಡ ಕಟ್ಟಿಟ್ಟಿದೀನಿ."

"ಹಾಗಂತ ಅವರು ಹೇಳಿದ್ರಾ?" ಎಂದು ಕೇಳಿದರು ತಾತ.

"ಹೇಳೋದೇನು? ಮಾತ್ರೆ ಮರೆಯೋರ ಕೈಲಿ ರೋಗಿನ ಬಿಡ್ತಾರಾ? ಯೋಚನೆ ಮಾಡಿ!"

ತಾತ ಯೋಚನೆ ಮಾಡಿದರು. ಹೋದ ವಾರದ ನಿದ್ದೆ ಮಾತ್ರೆ ಕಣ್ಣ ಮುಂದೆ ಬಂತು. ಹಾಸಿಗೆಯಿಂದ ಹೆಂಡತಿ ಕೈ ಚಾಚಿ ಅವರ ಅಂಗಿಯ ತುದಿ ಹಿಡಿದುಕೊಂಡರು.

"ಆ ಐದು ಪದ ಈಗ ನೆನಪಿದೆಯೇನಮ್ಮಾ?" ಎಂಬ ದನಿ ಹೊರಗಿನಿಂದ ಬಂತು. ಎದುರುಮನೆಯ ನಿವೃತ್ತ ಹೆಡ್ಮಾಸ್ತರರು. ಕರೆಯದಿದ್ದರೂ ಬರುವ ಜನ. "ನೆನಪಿದ್ರೆ ಹೇಳಿ. ಮೂವತ್ತಾರು ವರ್ಷ ಎಂತೆಂಥಾ ಶತದಡ್ಡರನ್ನ ದಡ ಸೇರಿಸಿದೀನಿ. ಇವರೇನು ಮಹಾ!"

ಹೀಗೆ ಎಂಟೂವರೆಗೆ ಪಾಠ ಶುರುವಾಯಿತು. ಕೊಡೆ, ಏಣಿ, ನಿಂಬೆ, ಗುಬ್ಬಿ, ಸೇತುವೆ. ಹೆಡ್ಮಾಸ್ತರರು ಅಡಿಪಟ್ಟಿಯಿಂದ ಮೇಜು ಕುಟ್ಟುತ್ತಾ ಹೇಳಿಸಿದರು, ಕೂತು ಹೇಳಿಸಿದರು, ನಿಲ್ಲಿಸಿ ಹೇಳಿಸಿದರು. ಆಮೇಲೆ ಚಿಕ್ಕಮ್ಮನಿಗೆ ಅಲ್ಲಿ ಕೇಳಿದ್ದ, ನೂರರಿಂದ ಏಳೇಳು ಕಳೆಯುವ ಲೆಕ್ಕ. ಅದಕ್ಕೊಂದು ರಾಗ ಹಾಕಿಕೊಟ್ಟರು.

"ತೊಂಬತ್ತಮೂರು, ಎಂಬತ್ತಾರು... ಎಪ್ಪತ್ತು... ಎಪ್ಪತ್ತು ಎಷ್ಟು?" ತಾತ ತಡವರಿಸಿದರು.

"ಎಪ್ಪತ್ತೊಂಬತ್ತು ಕಣ್ರೀ!" ಎಂದು ಹಾಸಿಗೆಯಿಂದ ಹೆಂಡತಿ ಕಿರುಚಿದರು. "ಇಷ್ಟೂ ಬರಲ್ವಾ?"

"ವಿದ್ಯಾರ್ಥಿಗೆ ಹಿಂದಿನ ಬೆಂಚಿನವರು ಹೇಳಿಕೊಡಬಾರದು," ಎಂದು ಹೆಡ್ಮಾಸ್ತರರು ಗದರಿದರು.

ಹತ್ತೂವರೆಗೆ ತಾತ ಹೊರಟರು. ಹೆಂಡತಿಯ ಬಳಿ ರೇಡಿಯೋ ಚಿಕ್ಕಮ್ಮ ಉಳಿದರು. ಹೆಡ್ಮಾಸ್ತರರು ತಾತನ ಅಂಗೈ ಮೇಲೆ ತಾರೀಖು, ವಾರ ಬರೆದು, ಬೀದಿ ತಿರುವಿನವರೆಗೂ ಜೊತೆಗೆ ನಡೆದು, "ಯಾರ ಜೊತೆಗೂ ಮಾತಾಡಬೇಡಿ, ಪದಗಳು ಚೆಲ್ಲಿಹೋಗ್ತವೆ," ಎಂದು ಎಚ್ಚರಿಸಿದರು. ತಾತ ತುಂಬಿದ ಕೊಡ ಹೊತ್ತವರಂತೆ ತಲೆ ಅಲ್ಲಾಡಿಸದೆ ನಡೆದರು. ಆಸ್ಪತ್ರೆಯ ಕಿಟಕಿಯಲ್ಲಿ ಹೆಸರು ಕೇಳಿದಾಗ ಬಾಯಿಗೆ ಬಂದದ್ದು, "ಕೊಡೆ."

"ಕೊಡೆ ಅಲ್ಲೇ ಮೂಲೇಲಿಡಿ. ಹೆಸರು ಹೇಳಿ," ಎಂದ ಗುಮಾಸ್ತ ತಲೆ ಎತ್ತದೆ.

ಒಳಗೆ ಡಾಕ್ಟರಮ್ಮ ಒಬ್ಬರೇ ಇದ್ದರು. ಕಣ್ಣ ಕೆಳಗೆ ಕಪ್ಪು. ಮೇಜಿನ ಮೇಲೆ ಕಡತಗಳು ಆಕೆಯ ಗಲ್ಲದವರೆಗೆ ಬೆಳೆದಿದ್ದವು. ತಾರೀಖು ಕೇಳಿದರು. ತಾತ ಅಂಗೈ ನೋಡಿದರೆ ಬೆವರಿಗೆ ಎಲ್ಲ ಕಲಸಿ ನೀಲಿಯಾಗಿತ್ತು. ಆದರೆ ಹೆಡ್ಮಾಸ್ತರರು ಬರೆಯುವಾಗ ಜೋರಾಗಿ ಒದರಿದ್ದು ಕಿವಿಯಲ್ಲೇ ಉಳಿದಿತ್ತು. ಸರಿಯಾಗಿ ಹೇಳಿದರು.

"ಈಗ ಐದು ಪದ ಹೇಳ್ತೀನಿ, ಗಮನ ಇಟ್ಟು ಕೇಳಿ. ಕೊಡೆ, ಏಣಿ, ನಿಂಬೆ..."

"ಗುಬ್ಬಿ, ಸೇತುವೆ," ಎಂದುಬಿಟ್ಟರು ತಾತ.

ಡಾಕ್ಟರಮ್ಮ ತಲೆ ಎತ್ತಿದರು. ತಾತ ಕೆಮ್ಮಿದರು. ಆಕೆ ಏನೋ ಗೀಚಿಕೊಂಡರು. ಲೆಕ್ಕವನ್ನು ತಾತ ರಾಗದಲ್ಲೇ ಒಪ್ಪಿಸಿ, ಮತ್ತೆ ಕೇಳಿದಾಗ ಐದು ಪದವನ್ನೂ ಒಪ್ಪಿಸಿದರು. ಕೊನೆಗೆ ಡಾಕ್ಟರಮ್ಮ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರು.

ಅದು ಯಾರೂ ಹೇಳಿಕೊಡದೆ ಬಂದ ಪ್ರಶ್ನೆ. ತಾತನ ಕೈ ತಾನಾಗಿಯೇ ಓಡಿತು. ವೃತ್ತ, ಅಂಕಿ, ಮುಳ್ಳು, ಅದರಡಿಗೆ ಹಲ್ಲಿನ ಚಕ್ರ, ಚಕ್ರಕ್ಕೆ ಸ್ಪ್ರಿಂಗು. ಬರೆದು ಮುಗಿಸಿ ಗೋಡೆ ನೋಡಿ, "ತಾಯಿ, ನಿಮ್ಮ ಈ ಗಡಿಯಾರ ನಾಲ್ಕು ನಿಮಿಷ ಹಿಂದೆ ಇದೆ. ಎಣ್ಣೆ ಒಣಗಿದೆ," ಎಂದರು.

ಡಾಕ್ಟರಮ್ಮ ನಕ್ಕುಬಿಟ್ಟರು. "ಮೂವತ್ತಕ್ಕೆ ಮೂವತ್ತು, ತಾತ! ತುಂಬಾ ಸಂತೋಷ."

ತಾತನಿಗೆ ಕುಣಿಯಬೇಕೆನಿಸಿತು. "ಹಾಗಾದ್ರೆ ನನ್ನ ಹೆಂಡ್ತಿನ ಕರ್ಕೊಂಡು ಹೋಗಲ್ಲ?"

"ಎಲ್ಲಿಗೆ?"

"ವೃದ್ಧಾಶ್ರಮಕ್ಕೆ."

"ಯಾರು ಹೇಳಿದ್ದು ನಿಮಗೆ? ವೃದ್ಧಾಶ್ರಮದಲ್ಲಿ ಜಾಗ ಎಲ್ಲಿದೆ ತಾತ! ಇದು ಮನೆಗೆ ನರ್ಸ್ ಕಳಿಸೋಕೆ ಮಾಡಿದ ಪರೀಕ್ಷೆ. ದಿನಾ ಎರಡು ಹೊತ್ತು ಬಂದು, ಮಾತ್ರೆ ಕೊಟ್ಟು, ಮೈ ಒರೆಸಿ ಹೋಗ್ತಾರೆ. ಇರೋದು ನಾಲ್ಕೇ ಜನ ನರ್ಸ್, ಕಾಯ್ತಿರೋ ಮನೆ ಎಂಟುನೂರು. ಅದಕ್ಕೇ ಕಡಿಮೆ ಅಂಕ ಬಂದೋರಿಗೆ ಮೊದಲು. ನಿಮ್ಮ ಮಹಡಿ ಮೇಲಿನವರಿಗೆ ಇವತ್ತಿಂದಾನೇ ಬರ್ತಾರೆ. ನಿಮಗೆ ಆ ಅವಶ್ಯಕತೆ ಇಲ್ಲ."

ತಾತ ಎದ್ದವರು ಮತ್ತೆ ಕೂತರು. ಆಮೇಲೆ ಮುಚ್ಚುಮರೆ ಮಾಡದೆ ಎಲ್ಲವನ್ನೂ ಹೇಳಿಬಿಟ್ಟರು. ರೇಡಿಯೋ ಚಿಕ್ಕಮ್ಮ, ಹೆಡ್ಮಾಸ್ತರರ ಅಡಿಪಟ್ಟಿ, ರಾಗ. ಕೊನೆಗೆ ಹೋದ ವಾರದ ನಿದ್ದೆ ಮಾತ್ರೆಯ ವಿಷಯವನ್ನೂ ಹೇಳಿದರು. ಅದನ್ನು ಹೇಳುವಾಗ ಅವರ ದನಿ ಒಡೆಯಿತು.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಎರಡು ಗಂಟೇಲಿ ಇಷ್ಟೆಲ್ಲ ಬಾಯಿಪಾಠ ಮಾಡಿ, ಒಂದೂ ತಪ್ಪದೆ ಒಪ್ಪಿಸಿದೀರಿ. ಇಂಥವರ ನೆನಪು ಕೆಟ್ಟಿದೆ ಅಂತ ನಾನು ಬರೆದ್ರೆ ಮೇಲಿನವರು ನಂಬ್ತಾರಾ? ಬೆಳಿಗ್ಗೆಯಿಂದ ಮೂರು ಜನ ಹೀಗೇ ಪೂರ್ತಿ ಅಂಕ ತಗೊಂಡು, ನರ್ಸ್ ವಿಷಯ ಗೊತ್ತಾದ ಮೇಲೆ ಹೀಗೇ ಅತ್ರು. ನಿಮ್ಮ ಮಾತು ನಾನು ನಂಬ್ತೀನಿ ತಾತ. ಆದರೆ ಅವರು ನೋಡೋದು ಈ ಹಾಳೆನ, ನನ್ನನ್ನಲ್ಲ. ಕಂಪ್ಯೂಟರಿಗೆ ಅಂಕ ಹೋಗಿಬಿಟ್ಟಿದೆ." ಆಕೆ ತಾತನ ಹೆಂಡತಿಯ ಕಡತ ನೋಡಿ, ಒಂದು ಚೀಟಿಯಲ್ಲಿ ಆ ಬಿಳಿ ಮಾತ್ರೆಗಳ ಹೆಸರು, ಹೊತ್ತು ದೊಡ್ಡಕ್ಷರದಲ್ಲಿ ಬರೆದು ಕೊಟ್ಟರು. "ಮುಂದಿನ ವರ್ಷ ಇನ್ನೊಂದು ಪರೀಕ್ಷೆ ಇದೆ. ಆವಾಗ ಮಾತ್ರ ಏನೂ ಓದ್ಕೊಳ್ದೆ ಬನ್ನಿ."

"ಅದನ್ನೂ ನೆನಪಿಟ್ಕೋಬೇಕಲ್ಲ ತಾಯಿ," ಎಂದು ತಾತ ಎದ್ದರು.

ಕಟ್ಟಡದ ಬಾಗಿಲಲ್ಲೇ ಹೆಡ್ಮಾಸ್ತರರು ಕಾದಿದ್ದರು. ಮೂವತ್ತಕ್ಕೆ ಮೂವತ್ತು ಎಂದು ಕೇಳಿದ್ದೇ ತಡ, "ನನ್ನ ವಿದ್ಯಾರ್ಥಿ!" ಎಂದು ತಾತನನ್ನು ತಬ್ಬಿಕೊಂಡರು. ಪಾಪ, ಅವರ ಕಣ್ಣಲ್ಲಿ ನೀರಿತ್ತು. ತಾತನಿಗೆ ಬೈಯಲು ಮನಸ್ಸಾಗಲಿಲ್ಲ. ಮೇಲಿನಿಂದ ಹೊಸ ನರ್ಸಿನ ದನಿ, ಅದರ ಎರಡರಷ್ಟು ಜೋರಾಗಿ ರೇಡಿಯೋ ಚಿಕ್ಕಮ್ಮನ ದನಿ ಒಟ್ಟಿಗೆ ಕೇಳಿಸುತ್ತಿದ್ದವು.

ಮನೆಯೊಳಗೆ ಹೆಂಡತಿ ಒಬ್ಬರೇ ಇದ್ದರು. ಚಪ್ಪಲಿ ಸದ್ದಿಗೆ ತಲೆ ಎತ್ತಿದರು.

"ಏನಾಯ್ತ್ರೀ?"

"ಪಾಸಾದೆ."

"ಹಾಗಾದ್ರೆ ನನ್ನ ಕರ್ಕೊಂಡು ಹೋಗೋಕೆ ಯಾರೂ ಬರಲ್ಲ ತಾನೇ?"

"ಇಲ್ಲ ಕಣೇ," ಎಂದರು ತಾತ. "ಯಾರೂ ಬರಲ್ಲ."

ಆಕೆಯ ಮುಖ ಅರಳಿತು. ಎರಡು ವರ್ಷದಲ್ಲಿ ಅಷ್ಟು ಸಮಾಧಾನದಿಂದ ಆಕೆ ನಕ್ಕದ್ದನ್ನು ತಾತ ನೋಡಿರಲಿಲ್ಲ. "ನನಗೆ ಗೊತ್ತಿತ್ತು," ಎನ್ನುತ್ತಾ ಆಕೆ ಅಂಗೈ ಮುಂದೆ ಚಾಚಿದರು. "ಮಧ್ಯಾಹ್ನದ ಮಾತ್ರೆ ಕೊಡಿ, ಹೊತ್ತಾಯ್ತು."

ತಾತ ಡಬ್ಬಿ ತೆರೆದರು. ಡಾಕ್ಟರಮ್ಮ ಬರೆದುಕೊಟ್ಟ ಚೀಟಿಗಾಗಿ ಒಂದು ಜೇಬು ತಡಕಿದರು, ಇನ್ನೊಂದು ಜೇಬು ತಡಕಿದರು. ಅದನ್ನು ಎಲ್ಲಿಟ್ಟರೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.