ಕಾದರನ ಎದುರು ನನ್ನ ಮೂರು ಸುತ್ತು

ಗುದ್ದಾಟದಲ್ಲಿ ಗೆಲ್ಲುವುದು ಕಷ್ಟ, ಆದರೆ ಸೋಲದೆ ಉಳಿಯುವುದು ಬಹಳ ಸುಲಭ ಎಂದು ನಾನು ದೃಢವಾಗಿ ನಂಬಿದ್ದೆ. ಹಾಗೆ ನಂಬುವ ಹೊತ್ತಿಗೆ ನಾನು ಯಾರಿಂದಲೂ ಒಂದು ಗುದ್ದನ್ನೂ ತಿಂದಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅರವತ್ತರ ಸುಮಾರಿನ ಮಾತು. ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಮಿಲ್ಲು ಸೇರಿ ಎರಡು ವರ್ಷವಾಗಿತ್ತು. ಹಾಳೆ ಎಣಿಸಿ ರೀಮು ಕಟ್ಟುವುದು ನನ್ನ ಕೆಲಸ. ನಾನೂ ನನ್ನ ಹೆಂಡತಿ ಗೌರವ್ವನೂ ಇದ್ದದ್ದು ಒಂದು ತಗಡಿನ ಶೆಡ್ಡಿನಲ್ಲಿ. ನೀರಿಗೆ ಕಾಳಿ ನದಿಗೆ ಇಳಿಯಬೇಕು, ತುಂಬಿದ ಕೊಡ ಹೊತ್ತು ದಿಬ್ಬ ಏರಬೇಕು. ಗೌರವ್ವ ಆಗ ಐದು ತಿಂಗಳ ಬಸುರಿ. ನಳವಿರುವ ಕ್ವಾರ್ಟರ್ಸಿಗೆ ಹೆಸರು ಕೊಟ್ಟಿದ್ದೆ. ಪಟ್ಟಿ ಎಷ್ಟು ಉದ್ದವಿತ್ತೆಂದರೆ, ಹುಟ್ಟಲಿರುವ ಕೂಸಿನ ಮದುವೆಯೂ ಶೆಡ್ಡಿನಲ್ಲೇ ಆಗುವ ಲಕ್ಷಣವಿತ್ತು.

ಇಂಥ ಸಮಯದಲ್ಲಿ ನಮ್ಮ ದೊಡ್ಡ ಸಾಹೇಬರು ಒಂದು ಸುದ್ದಿ ಹೊರಡಿಸಿದರು. ಸಾಹೇಬರು ಮಿಲಿಟರಿಯಿಂದ ಬಂದವರು, ಬಾಕ್ಸಿಂಗ್ ಎಂದರೆ ಅವರಿಗೆ ಪ್ರಾಣ. ಆಟೋಟದ ದಿನ ಕಾದರನ ಎದುರು ಮೂರು ಸುತ್ತು ಸೋಲದೆ ಉಳಿದವನ ಹೆಸರನ್ನು ಪಟ್ಟಿಯ ತಲೆಗೆ ಏರಿಸುತ್ತಾರಂತೆ!

ಕಾದರ ಬಿದಿರಿನ ಲಾರಿಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಮುಂಬಯಿಯಲ್ಲಿದ್ದಾಗ ಬಾಕ್ಸಿಂಗ್ ಕಲಿತವನು. ಮನುಷ್ಯ ಬಹಳ ಒಳ್ಳೆಯವನು, ಆದರೆ ತೂಕದಲ್ಲಿ ನನ್ನಂಥವರು ಇಬ್ಬರು ಸೇರಬೇಕು. ದಪ್ಪಗಿರುವವರು ನಿಧಾನವಾಗಿರುತ್ತಾರೆ ಎಂದು ನಾನು ಧೈರ್ಯ ತಂದುಕೊಂಡೆ. ಮರುದಿನ ಅವನು ನೊಣ ಹಿಡಿಯುವುದನ್ನು ನೋಡಿದೆ. ಆ ಧೈರ್ಯ ಅಲ್ಲಿಗೇ ಮುಗಿಯಿತು.

ಆದರೆ ಗೌರವ್ವ ಸುಮ್ಮನಿರುವ ಹೆಣ್ಣಲ್ಲ. ಅವಳ ಅಪ್ಪ ಹಳಿಯಾಳದ ಕಡೆ ಹೆಸರು ಮಾಡಿದ ಪೈಲವಾನ. ಕುಸ್ತಿಯ ಅಖಾಡದ ಪಕ್ಕದಲ್ಲೇ ಬೆಳೆದವಳು.

"ನೀವು ಗೆಲ್ಲೂದು ಬ್ಯಾಡ್ರಿ," ಎಂದಳು. "ಸೋಲದಿದ್ರ ಸಾಕು. ಮೊದಲನೇ ಸುತ್ತಿನ್ಯಾಗ ಓಡ್ರಿ. ಅವ ಬೆನ್ನ ಹತ್ತಿ ದಣೀಲಿ."

"ಎರಡನೇ ಸುತ್ತಿನ್ಯಾಗ ಹಿಡದ್ರ?"

"ಹಿಡದ್ರ ತೆಕ್ಕಿ ಹಾಕ್ರಿ. ಮೈಗೆ ಮೈ ಹತ್ತಿದ್ರ ಕೈ ಬೀಸಾಕ ಜಾಗಾ ಎಲ್ಲಿ ಇರ್ತೈತಿ?"

"ಮೂರನೇದರಾಗ?"

"ಅಷ್ಟೊತ್ತಿಗೆ ಅವಗ ಕೈ ಎತ್ತಾಕ ಆಗಬಾರದು. ನಮ್ಮಪ್ಪ ಹಿಂಗ ದೊಡ್ಡ ದೊಡ್ಡ ಪೈಲವಾನರನ್ನ ದಣಸ್ತಿದ್ದ."

ಅಂದಿನಿಂದ ನನ್ನ ತಾಲೀಮು ಶುರು. ಬೆಳಿಗ್ಗೆ ಹುರುಳಿ ಕಟ್ಟು, ಐವತ್ತು ಬೈಠಕು. ಮೂರನೆಯ ದಿನ ಬೈಠಕು ಹೊಡೆಯಲು ಕುಳಿತವನು ಏಳಲಾಗದೆ ಕೆಲಸಕ್ಕೆ ತಡವಾಗಿ ಹೋದೆ. ತೆಕ್ಕೆ ಹಾಕುವುದನ್ನು ಶೆಡ್ಡಿನ ನಡುಗಂಬದ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ತಗಡೊಂದು ಕಳಚಿ ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿತ್ತು. ಸಾಧನೆಯ ಹಾದಿಯಲ್ಲಿ ಇಂಥವೆಲ್ಲ ಸಹಜವೆಂದು ಅವರಿಗೆ ತಿಳಿಸಿ ಹೇಳಿದೆ. ಅವರು ಒಂದು ವಾರ ಮಾತು ಬಿಟ್ಟರು.

ಆಟೋಟದ ದಿನ ಬಂತು. ಮೈದಾನದಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ನನ್ನ ಕೈಗೆ ಎರಡು ದಿಂಬಿನಂಥ ಗ್ಲೌಸು ತೊಡಿಸಿದರು. ಸಾಹೇಬರೇ ಪಂಚರು. ಅವರು ಇಂಗ್ಲಿಷು, ಹಿಂದಿ ಬೆರೆಸಿ ಐದು ನಿಮಿಷ ನಿಯಮ ವಿವರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. ಸೋಲು ಎಂದರೆ ಏನೆಂದು ಕುಸ್ತಿ ನೋಡಿಯೇ ಬೆಳೆದ ಧಾರವಾಡದ ಕಡೆಯವನಿಗೆ ಇನ್ನೊಬ್ಬರು ಕಲಿಸಬೇಕೇ? ಜನರ ನಡುವೆ ಗೌರವ್ವ ಎಲ್ಲಿದ್ದಾಳೆಂದು ಹುಡುಕುತ್ತಿದ್ದೆ.

ಕಾದರ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಭಾಯಿ, ಈಗೂ ಹೊತ್ತು ಮೀರಿಲ್ಲ. ಮನಿಗೆ ಹೋಗ್ರಿ. ನಿಮ್ಮ ಮೂಗು ಛಲೋ ಐತಿ."

"ನನ್ನ ಮೂಗಿನ ಕಾಳಜಿ ನಿನಗ ಬ್ಯಾಡ," ಎಂದೆ.

ಮೊದಲ ಸುತ್ತಿನಲ್ಲಿ ಓಡಿದೆ. ಸುಮ್ಮನೆ ಓಡಲಿಲ್ಲ, ಹಗ್ಗದ ಗುಂಟ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ಆರು ಹೆಜ್ಜೆ, ಲೆಕ್ಕ ಹಿಡಿದು ಓಡಿದೆ. ಕಾದರನ ಏಟುಗಳು ಕಿವಿಯ ಪಕ್ಕದಲ್ಲಿ ಸುಯ್ಯೆಂದು ಹೋದವು. ಒಂದು ಮಾತ್ರ ಹೋಗಲಿಲ್ಲ, ಮೂಗಿನ ಮೇಲೇ ನಿಂತಿತು. ಅವನ ಕಾಳಜಿ ಪ್ರಾಮಾಣಿಕವಾದದ್ದೆಂದು ಆಗ ತಿಳಿಯಿತು.

ಎರಡನೆಯ ಸುತ್ತಿನಲ್ಲಿ ತೆಕ್ಕೆ. ಅವನು ಕೈ ಎತ್ತುವುದೇ ತಡ, ಓಡಿ ಹೋಗಿ ಅಪ್ಪಿಕೊಳ್ಳುತ್ತಿದ್ದೆ. ಸಾಹೇಬರು ಬಿಡಿಸುತ್ತಿದ್ದರು, ಮತ್ತೆ ಅಪ್ಪಿಕೊಳ್ಳುತ್ತಿದ್ದೆ. ಮದುವೆಯಾದ ಹೊಸದರಲ್ಲೂ ನಾನು ಗೌರವ್ವನನ್ನು ಇಷ್ಟು ಸಲ ಅಪ್ಪಿಕೊಂಡಿರಲಿಲ್ಲ. ಕಾದರ ಬೆವರಿ ತೊಪ್ಪೆಯಾಗಿದ್ದ.

"ಭಾಯಿ, ಬಿಡ್ರಿ, ಉಸಿರು ಕಟ್ಟಾಕತ್ತೈತಿ!" ಎಂದ.

ನನ್ನ ಎದೆ ಹಿಗ್ಗಿತು. ಮೂರನೆಯ ಸುತ್ತಿನಲ್ಲಿ ನಿಜಕ್ಕೂ ಅವನ ಕೈಗಳು ಜೋತುಬಿದ್ದವು. ಜನ ನನ್ನ ಹೆಸರು ಕೂಗತೊಡಗಿದರು. ಕಣ್ಣ ಮುಂದೆ ಕ್ವಾರ್ಟರ್ಸಿನ ನಳ ಸುರಿಯುತ್ತಿತ್ತು. ಆ ಸಂಭ್ರಮದಲ್ಲಿ ಒಂದು ಗಳಿಗೆ ಗೌರವ್ವನ ಕಡೆ ನೋಡಿ ನಕ್ಕೆ. ನಗಬಾರದಿತ್ತು. ಕಾದರನಲ್ಲಿ ಉಳಿದಿದ್ದ ಕೊನೆಯ ಗುದ್ದು ನನ್ನ ದವಡೆಗೆ ಬಿತ್ತು, ನಾನು ಬೋರಲು ಬಿದ್ದೆ.

ದೇವರಾಣೆ ಹೇಳುತ್ತೇನೆ, ನನಗೆ ಎಚ್ಚರ ತಪ್ಪಿರಲಿಲ್ಲ. ಕೈಕಾಲು ಆಡುತ್ತಿದ್ದವು. ಮೊಳಕಾಲೂರಿ ಏಳಲು ಹೊರಟೆ. ಆಗ ಹೆಂಗಸರ ಗುಂಪಿನಿಂದ ಗೌರವ್ವನ ದನಿ ಬಂತು:

"ಏಳಬ್ಯಾಡ್ರೀ! ಡಬ್ಬ ಬಿದ್ದೀರಿ, ಬೆನ್ನು ಮ್ಯಾಲೈತಿ! ಹಂಗ ಗಟ್ಟಿ ಮಲಕ್ಕೋರಿ!"

ಎಂಥ ಮಾತು! ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ತಾನೇ ಸೋಲು? ಬೋರಲು ಬಿದ್ದವನನ್ನು ಅಂಗಾತ ಮಾಡುವ ತನಕ ಅವನು ಸೋತಂತಲ್ಲ. ಬೆಳಗಾವಿ, ಧಾರವಾಡದ ಕಡೆಯ ಮಂದಿಯೆಲ್ಲ ಒಂದೇ ದನಿಯಲ್ಲಿ ಕೂಗಿದರು: "ನೆಲಾ ಬಿಡಬ್ಯಾಡ! ನೆಲಾ ಬಿಡಬ್ಯಾಡ!" ನಾನು ಕೈಕಾಲು ಅಗಲಿಸಿ ನೆಲಕ್ಕೆ ಅಂಟಿಕೊಂಡೆ.

ಸಾಹೇಬರು ಪಕ್ಕದಲ್ಲಿ ಬಗ್ಗಿ ಎಣಿಸತೊಡಗಿದರು. ನನ್ನನ್ನು ಮಗುಚಿ ಹಾಕಲು ಕಾದರನಿಗೆ ಕೊಟ್ಟ ಗಡುವು ಇದು ಎಂದು ಅರ್ಥ ಮಾಡಿಕೊಂಡೆ. ಐದಾಯಿತು, ಆರಾಯಿತು. ಕಾದರ ಮುಟ್ಟಲೂ ಇಲ್ಲ. ಅಷ್ಟು ದಣಿದಿದ್ದಾನೆ, ಪಾಪ! ಎಂಟಾಯಿತು. ಇನ್ನಷ್ಟು ಬಿಗಿಯಾಗಿ ಮಲಗಿದೆ. ಹತ್ತು ಎಂದೊಡನೆ ಚಂಗನೆ ನೆಗೆದು ನಿಂತೆ, ಮಣ್ಣು ಹಣೆಗೆ ಹಚ್ಚಿಕೊಂಡೆ, ತೊಡೆ ತಟ್ಟಿದೆ, ಗೆದ್ದ ಪೈಲವಾನನ ತಲೆಗೆ ಸುತ್ತುವ ಪಟಕಾ ಸುತ್ತಿಸಿಕೊಳ್ಳಲು ಸಾಹೇಬರ ಮುಂದೆ ತಲೆ ಬಗ್ಗಿಸಿ ನಿಂತೆ.

ಸಾಹೇಬರು ಕಾದರನ ಕೈ ಎತ್ತಿದರು.

"ಹತ್ತು ಎಣಿಸೂದರಾಗ ಏಳಬೇಕಿತ್ತು, ಭಾಯಿ," ಎಂದ ಕಾದರ. ಅವನ ಮುಖದಲ್ಲಿ ಗೆದ್ದ ಸಂತೋಷವೇ ಇರಲಿಲ್ಲ. "ಇನ್ನ ಅರ್ಧಾ ನಿಮಿಷ ಉಳದಿತ್ತು. ನೀವು ಎದ್ದು ಬರೇ ನಿಂತಿದ್ರೂ ಸಾಕಿತ್ತು. ನನ್ನ ಕೈಯಾಗ ಇನ್ನೊಂದು ಗುದ್ದು ಇರಲಿಲ್ಲ."

ನನಗೆ ಅಳು ಬಂತು. ಮೂಗಿನ ನೋವಿಗಲ್ಲ. ಆ ದಿಬ್ಬ, ಆ ಕೊಡ, ಗೌರವ್ವನ ಹೊಟ್ಟೆ ಎಲ್ಲವೂ ಒಟ್ಟಿಗೆ ನೆನಪಾದವು. ಸೋಲುವುದು ಬೇರೆ, ಗೆಲುವಿನ ಮೇಲೆ ಬೋರಲು ಮಲಗುವುದು ಬೇರೆ.

ಶೆಡ್ಡಿಗೆ ಬಂದ ಮೇಲೆ ಗೌರವ್ವ ಒದ್ದೆ ಬಟ್ಟೆ ಮಡಚಿ ನನ್ನ ಮೂಗಿನ ಮೇಲಿಟ್ಟಳು. ನಾನೇ ಬಾಯಿ ಬಿಟ್ಟೆ.

"ನಾಳಿಂದ ನೀರು ನಾ ತರ್ತೇನಿ. ಆದ್ರ ಒಂದು ಮಾತು. ಮಲಕ್ಕೋರಿ ಅಂತ ಕೂಗಿದಾಕಿ ನೀನಽ."

"ಹೌದ್ರಿ, ನಾನಽ ಕೂಗಿದೆ," ಎಂದಳು. "ತಪ್ಪು ನಂದಽ. ಆದ್ರ ಮದುವಿ ಆದಾಗಿಂದ ಒಂದು ದಿನಾನೂ ನನ್ನ ಮಾತು ಕೇಳದವರು, ಇವತ್ತ ಯಾಕ ಕೇಳಿದ್ರಿ?"

ಮೂಗು ನೋಯುತ್ತಿದ್ದುದರಿಂದ ಉತ್ತರ ಕೊಡಲಿಲ್ಲ ಎಂದು ಕೇಳಿದವರಿಗೆಲ್ಲ ಈಗಲೂ ಹೇಳುತ್ತೇನೆ.