ದೇವಕ್ಕ ಬಿಟ್ಟ ಕಾಫಿ

ಬಾಯಿ ಜೋರಿರುವ ಹೆಂಗಸಿಗೆ ಒಂದು ಅನುಕೂಲವಿದೆ: ಯಾರೂ ಎದುರು ಮಾತಾಡುವುದಿಲ್ಲ. ಅನನುಕೂಲವೂ ಅದೇ. ಇದು ನನಗೆ ತಿಳಿಯಲು ಎಪ್ಪತ್ತೆರಡು ವರ್ಷ ಬೇಕಾಯಿತು. ತಿಳಿದದ್ದು ಒಂದು ಲೋಟ ಕಾಫಿಯಿಂದ.

ಕಾಗಾಲದ ನಮ್ಮ ಜಗಲಿಗೆ ಪಕ್ಕದ ಮನೆಯ ದೇವಕ್ಕ ನಲವತ್ತು ವರ್ಷದಿಂದ ಬೆಳಗಿನ ಕಾಫಿಗೆ ಬರುತ್ತಿದ್ದಳು. ನನ್ನ ಗಂಡ ಸತ್ತ ಮಾರನೆಯ ದಿನವೂ ಬಂದಿದ್ದಳು. ಅವತ್ತು ಕಾಫಿಯನ್ನು ಅವಳೇ ತಂದಿದ್ದಳು, ಅಷ್ಟೇ ವ್ಯತ್ಯಾಸ. ನನ್ನಿಂದ ಬೈಸಿಕೊಂಡೂ ಮರುದಿನ ಬರುವವಳು ಕೇರಿಯಲ್ಲಿ ಅವಳೊಬ್ಬಳೇ. ಅಂಥವಳು ಈ ಬೇಸಿಗೆಯಲ್ಲಿ ಬರುವುದನ್ನೇ ನಿಲ್ಲಿಸಿದಳು. ಕೇಳಿದರೆ ಹೊಟ್ಟೆ ಉರಿಯುತ್ತದೆ, ಕಾಫಿ ಬಿಟ್ಟಿದ್ದೇನೆ ಎಂದಳು. ಅವಳ ಅಡುಗೆಮನೆಯಿಂದ ದಿನಾ ಕಾಫಿಯ ಪರಿಮಳ ಬರುತ್ತಿತ್ತು. ನನ್ನ ಕಣ್ಣು ಮಂಜಾಗಿದೆ, ಮೂಗು ಸರಿಯಾಗಿಯೇ ಇದೆ.

ಹಾಗಾದರೆ ನನ್ನ ಕಾಫಿಯಲ್ಲೇ ಏನೋ ಐಬು. ನಾನು ಮಾಡುವುದು ಹಳೆಯ ರೀತಿ: ಬೆಲ್ಲ ಹಾಕಿದ ನೀರು ಕುದಿಸಿ, ಪುಡಿ ಹಾಕಿ ಇಳಿಸಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸುವುದು. ಮೊದಲು ಬಟ್ಟೆಯ ಮೇಲೆ ಸಂಶಯ ಬಂತು, ಹೊಸ ತುಂಡು ಹರಿದುಕೊಂಡೆ. ಆಮೇಲೆ ಕುಮಟೆಯ ಪುಡಿ ಅಂಗಡಿಯವನನ್ನು, ಹುಣಸೆಬೀಜ ಹುರಿದು ಸೇರಿಸುತ್ತೀಯಾ ಎಂದು ಗಿರಾಕಿಗಳ ಎದುರೇ ಕೇಳಿದೆ. ಹಾಲು ಕೊಡುವವಳ ಎಮ್ಮೆಯನ್ನೂ ಬಿಡಲಿಲ್ಲ. ಹೊನ್ನಾವರದ ಮಗಳು ಸ್ಟೀಲಿನ ಫಿಲ್ಟರ್ ತಂದುಕೊಟ್ಟಳು. ಅದು ಹನಿಹನಿಯಾಗಿ ಇಳಿಯುವುದನ್ನು ಕಾಯುತ್ತ ಕುಳಿತರೆ ಆಸ್ಪತ್ರೆಯಲ್ಲಿ ಗ್ಲುಕೋಸ್ ಬಾಟಲಿಯ ಪಕ್ಕ ಕುಳಿತ ಹಾಗೆ. ಗಂಡನ ಕೊನೆಯ ವಾರ ನೆನಪಾಯಿತು. ಫಿಲ್ಟರು ಅಟ್ಟ ಸೇರಿತು.

ಕೊನೆಗೆ ಮುರ್ಡೇಶ್ವರದ ಹೋಟೆಲೊಂದರಲ್ಲಿ ಕಾಫಿ ಮಾಡುವ ನನ್ನ ತಮ್ಮನ ಮಗನನ್ನು ಕರೆಸಿದೆ. ಅವನು ತಾನೇ ಒಲೆಯ ಮುಂದೆ ನಿಂತು, ನಾನು ಸೇದಿಕೊಟ್ಟ ನೀರು ಕುದಿಸಿ, ಲೋಟದಿಂದ ಲೋಟಕ್ಕೆ ಮೊಳದುದ್ದ ಹೊಯ್ದು, ಒಂದು ಗುಟುಕು ಕುಡಿದ. ಕುಡಿದು ನನ್ನ ಸೊಸೆ ಸುಮಿತ್ರಾಳ ಮುಖ ನೋಡಿದ. ಸುಮಿತ್ರಾ ಕಿಟಕಿಯಾಚೆ ನೋಡಿದಳು. ಚಲೋ ಆಗಿದೆ ಅತ್ತೆ ಎಂದವನು, ರೈಲಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ರೈಲಿಗೆ ಇನ್ನೂ ಮೂರು ತಾಸಿತ್ತು.

ನೆಟ್ಟಗೆ ದೇವಕ್ಕನ ಮನೆಗೆ ಹೋದೆ. ಅವಳು ಹಿತ್ತಿಲ ಕಲ್ಲಿನ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದಳು. ಲೋಟ ಅಡಗಿಸುವಷ್ಟು ಹೊತ್ತು ಕೊಡಲಿಲ್ಲ.

"ನನ್ ಕಾಪಿಯಲ್ಲಿ ಎಂತ ಬಿದ್ದದೆ, ಹೇಳು."

"ಬೈಯೂದಿಲ್ಲ ಅಂದ್ರೆ ಹೇಳ್ತೆ."

"ಬೈತೆ. ಹೇಳು."

"ನಿನ್ ಬಾವಿ ನೀರು ಉಪ್ಪಾಗಿ ಎರಡು ವರ್ಷ ಆತು ಮಾರಾಯ್ತಿ. ಕೇರಿಗೆಲ್ಲ ಗೊತ್ತದೆ. ನೀ ಒಳಗೆ ಹೋದಾಗೆಲ್ಲ ನಾ ಅಬ್ಬಲಿಗೆ ಬುಡಕ್ಕೆ ಹೊಯ್ತಿದ್ದೆ. ಈಗ ಗಿಡ ಸತ್ತೋತು. ಇನ್ನೆಲ್ಲಿ ಹೊಯ್ಯೂದು?"

ಜಗಲಿಯ ಪಕ್ಕದ ಆ ಅಬ್ಬಲಿಗೆ ಹೂವಿನ ಗಿಡ ಒಣಗಿದ್ದಕ್ಕೆ, ನಿನ್ನ ಕಣ್ಣೇ ಬಿದ್ದದ್ದು ಎಂದು ನಾನು ಎದುರುಮನೆಯವಳ ಜನ್ಮ ಜಾಲಾಡಿದ್ದೆ.

ಹೊಳೆಯ ಕಟ್ಟು ಒಡೆದ ವರ್ಷ ಗದ್ದೆಗೆ ಸಮುದ್ರದ ಉಪ್ಪುನೀರು ನುಗ್ಗಿತ್ತು. ಬಾವಿಗೆ ಮಾತ್ರ ಸದ್ದಿಲ್ಲದೆ ಬಂದಿದೆ. ಸ್ವಲ್ಪಸ್ವಲ್ಪವೇ ಬಂದದ್ದರಿಂದ ನನ್ನ ನಾಲಿಗೆ ಅದರ ಜೊತೆ ಸಂಸಾರ ಮಾಡಿಕೊಂಡಿತು. ಸುಮಿತ್ರಾ ಅನ್ನಕ್ಕೂ ಸಾರಿಗೂ, ನನ್ನ ಕುಡಿಯುವ ತಂಬಿಗೆಗೂ ಗುಟ್ಟಾಗಿ ನಳದ ನೀರು ಹಾಕುತ್ತಿದ್ದಳಂತೆ. ಬೆಳಗಿನ ಕಾಫಿಗೆ ಮಾತ್ರ ನಾನೇ ಸೇದುತ್ತಿದ್ದೆ, ಇನ್ನೊಬ್ಬರಿಗೆ ಹಗ್ಗ ಮುಟ್ಟಗೊಡದೆ. ಆ ಬಾವಿ ಗಂಡ ತಾನೇ ಇಳಿದು ತೋಡಿದ್ದು. ಅವನು ನನಗೆ ಮಾಡಿಟ್ಟುಹೋದ ಒಂದೇ ಒಳ್ಳೆಯ ಕೆಲಸ. ಊರಿಗೇ ಸಿಹಿ ನೀರು ನಮ್ಮದು ಎಂದು ನಾನು ಹೇಳದ ನೆಂಟರಿಲ್ಲ. ಅವರೆಲ್ಲ ಈ ಎರಡು ವರ್ಷ ತಲೆಯಾಡಿಸಿ, ಕುಡಿದು, ಎದ್ದುಹೋಗಿದ್ದಾರೆ. ಈ ಊರಿನಲ್ಲಿ ಉಪ್ಪಾದ ಬಾವಿ ತಿರುಗಿ ಸಿಹಿಯಾದದ್ದನ್ನು ನಾನಂತೂ ಕಂಡಿಲ್ಲ.

ಮರುದಿನ ನಳದ ನೀರಿನಲ್ಲಿ ಕಾಫಿ ಮಾಡಿದೆ. ದೇವಕ್ಕ ಬಂದು, ಲೋಟದ ತಳ ಕಾಣುವವರೆಗೆ ಕುಡಿದಳು. ಈಗ ಕಾಪಿ ಆತು ನೋಡು ಎಂದಳು. ನಾನೂ ಒಂದು ಗುಟುಕು ಕುಡಿದೆ. ಸಪ್ಪೆ. ಉಪ್ಪು ಹಾಕದ ಗಂಜಿಯ ಹಾಗೆ. ಹೇಳಬೇಕೆಂದು ಬಾಯಿ ತೆರೆದೆ. ಅವಳು ಕಾಲು ಚಾಚಿ, ಮೊದಲಿನ ಹಾಗೆ ಕಂಬಕ್ಕೆ ಒರಗಿ ಕುಳಿತಿದ್ದಳು. ಬಾಯಿ ಮುಚ್ಚಿಕೊಂಡೆ.

ಅವಳು ಲೋಟ ತೊಳೆಯಲು ಒಳಗೆ ಹೋದಾಗ, ನನ್ನ ಪಾಲಿನದನ್ನು ಒಣಗಿದ ಅಬ್ಬಲಿಗೆಯ ಬುಡಕ್ಕೆ ಹೊಯ್ದೆ.