ವಿಮಾನ ದಾಟುವ ತನಕ

ಚಿದ್ರಿಯ ಜನಕ್ಕೆ ಒಂದು ಅಭ್ಯಾಸವಿದೆ. ಮಾತಿನ ನಡುವೆ ತಲೆಯ ಮೇಲೆ ವಿಮಾನ ಬಂತೆಂದರೆ ಬಾಯಲ್ಲಿದ್ದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಸುಮ್ಮನಾಗುತ್ತಾರೆ. ಅದು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾರೆ. ವಾಯುಸೇನೆಯ ಹುಡುಗರು ಯುದ್ಧವಿಮಾನ ಹಾರಿಸಲು ಕಲಿಯುವುದು ಬೀದರದಲ್ಲಿ, ಅವರ ದಾರಿ ಚಿದ್ರಿಯ ಮೇಲೆ. ಹೀಗಾಗಿ ಇಲ್ಲಿ ಗಂಡ ಹೆಂಡಿರ ಜಗಳವೂ ಕಂತಿನಲ್ಲೇ ನಡೆಯುತ್ತದೆ. ಪಂಢರಿಯ ಕೊರಳಿಗೆ ಉರುಳಾದದ್ದು ಈ ಅಭ್ಯಾಸವೇ.

ಪಂಢರಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಓಣಿಯಲ್ಲಿ ಅವನ ಹೆಸರು ಮಾತ್ರ ಪೈಲಟ್. ಭಾಲ್ಕಿಯಲ್ಲಿ ಬಿ.ಎಸ್ಸಿ. ಓದುವಾಗ ಮೈಸೂರಿಗೆ ಹೋಗಿ ವಾಯುಸೇನೆಯ ಆಯ್ಕೆಗೆ ಕೂತು ಬಂದಿದ್ದ. ಅಲ್ಲಿ ಮಸುಕು ಮಸುಕಾದ ಒಂದು ಚಿತ್ರ ತೋರಿಸಿ ಕತೆ ಬರೆಯಿರಿ ಅಂದರಂತೆ. ಉಳಿದವರಿಗೆ ಅದರಲ್ಲಿ ಬೆಟ್ಟ ಹತ್ತುವ ಸಾಹಸಿಗಳು ಕಂಡರು. ಪಂಢರಿಗೆ ಕಂಡದ್ದು ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಜನ. ಅದನ್ನೇ ಮನಸ್ಸಿಟ್ಟು ಬರೆದ. ಸಂಜೆಯೊಳಗೆ ವಾಪಸ್ ರೈಲು ಹತ್ತಿಸಿದರು. ಹಣೆಬರಹವನ್ನು ಅಷ್ಟು ಸ್ಪಷ್ಟವಾಗಿ ಓದಿದವನು ಆ ಸಾಲಿನಲ್ಲಿ ಅವನೊಬ್ಬನೇ ಇರಬೇಕು.

ಆದರೆ ಕನಸಿಗೆ ಅದು ತಿಳಿಯಬೇಕಲ್ಲ. ಇವತ್ತಿಗೂ ಪಂಢರಿ ಟ್ಯಾಂಕರ್ ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕಿ, ಗಾಲಿ ಮುಟ್ಟಿ, ಕೆಳಗೆ ಬಗ್ಗಿ ನೋಡುತ್ತಾನೆ. ಪೈಲಟ್‌ಗಳು ಹಾಗೆ ಮಾಡುತ್ತಾರೆಂದು ಓದಿದ್ದ. ಔರಾದ ರಸ್ತೆಯಲ್ಲಿ ಬೆಳ್ಳಂಬೆಳಗ್ಗೆ ಒಂದು ನೇರ ದಾರಿ ಸಿಗುತ್ತದೆ. ಅಲ್ಲಿ ಗಾಡಿ ವೇಗ ಹಿಡಿದಾಗ ಗಾಲಿಗಳು ನೆಲ ಬಿಟ್ಟಂತೆ, ಒಣಗಿದ ಹೊಲಗಳೆಲ್ಲ ಸಣ್ಣದಾಗುತ್ತ ಕೆಳಗೆ ಸರಿದಂತೆ ಅವನಿಗೆ ಅನಿಸುತ್ತದೆ. ಹಿಂದೆ ನೀರು ತುಳುಕಿದಾಗಲೇ ಅವನು ನೆಲಕ್ಕಿಳಿಯುವುದು.

ಮಳೆ ಕೈಕೊಟ್ಟು ಎರಡನೇ ವರ್ಷ. ಔರಾದ ಕಡೆಯ ಹಳ್ಳಿಗಳಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದು, ಜನ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗಿದ್ದರು. ಅಂಥ ದಿನಗಳಲ್ಲೇ ಭಾತಂಬ್ರಾದ ಒಂದು ಮದುವೆಯಲ್ಲಿ ಪಂಢರಿ ಸುಭದ್ರಾಳನ್ನು ನೋಡಿದ್ದು. ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದಳು, ಬರಗಾಲದ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಅರ್ಧರ್ಧ ಲೋಟ. ಪಂಢರಿಯ ಲೋಟ ಮಾತ್ರ ತುಂಬಿಸಿ ಹೋದಳು. ಅವನು ಆ ನೀರನ್ನು ಕುಡಿಯಲು ಅರ್ಧ ತಾಸು ತೆಗೆದುಕೊಂಡ. ಮದುವೆಯಾದರೆ ಇವಳನ್ನೇ ಎಂದು ಅವ್ವನಿಗೆ ಹೇಳಿಬಿಟ್ಟ.

ಅವ್ವ ಕೌಸಲ್ಯಾಬಾಯಿ ಯಾರ್‍ಯಾರದೋ ಕೈಯಲ್ಲಿ ಮಾತು ಕಳಿಸಿದ ಮೇಲೆ, ಕೊನೆಗೆ ಸುಭದ್ರಾಳ ಅಪ್ಪ ಕಾಶೀರಾಮ ಹುಡುಗನ ಮನೆ ನೋಡಲು ಔರಾದದಿಂದ ಬರುವುದು ನಿಶ್ಚಯವಾಯಿತು. ಆ ಮುಂಜಾನೆ ಎದುರುಮನೆಯ ಖಾಜಾ ಮಿಯಾ ಚಹಾಕ್ಕೆಂದು ಬಂದು ಸುದ್ದಿ ಕೇಳಿ ಗಾಬರಿಯಾದರು. ಲಾಂಡ್ರಿ ಅಂಗಡಿ ನಡೆಸುವ ಅವರಿಗೆ ಊರವರ ಬಟ್ಟೆಯಷ್ಟೇ ಊರವರ ಬಾಳುವೆಯನ್ನೂ ಇಸ್ತ್ರಿ ಮಾಡುವ ಹವ್ಯಾಸ.

"ಪೈಲಟ್ ಪಂಢರಿ ಅಂತ ಕೇಳೇ ಆ ಮನುಷ್ಯ ಬರ್ಲಿಕತ್ತಾನ ನೋಡಮ್ಮಾ. ಟ್ಯಾಂಕರ್ ಡ್ರೈವರನ್ನ ನೋಡ್ಲಿಕ್ಕೆ ಔರಾದದಿಂದ ಯಾರ ಬರ್ತಾರ?"

ಮಾತು ನ್ಯಾಯವಾಗಿ ಕಂಡಿತು. ಖಾಜಾ ಮಿಯಾ ಅಂಗಡಿಯಿಂದ ಏನಾದರೂ ನೀಲಿ ಅಂಗಿ ತರುತ್ತೇನೆಂದರು. ವಾಯುಸೇನೆಯ ಸುಳ್ಳು ವರ್ದಿ ಹಾಕಿದರೆ ಜೇಲು ಎಂದು ಪಂಢರಿ ಕೈಮುಗಿದ. ಕೊನೆಗೆ ಒಂದು ಕಪ್ಪು ಕನ್ನಡಕಕ್ಕೆ ರಾಜಿಯಾಯಿತು. ಟ್ಯಾಂಕರನ್ನು ಪಕ್ಕದ ಗೋರಖನಾಥನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಸರಿಸಿ, ಕೇಳಿದರೆ ತನ್ನದೆಂದು ಹೇಳಲು ಗೋರಖನನ್ನು ಒಪ್ಪಿಸಿದರು. ಗೋರಖ ಪಂಢರಿಯ ವಾರಿಗೆಯವನೇ, ಮದುವೆಯಾಗದವನೇ. ಸ್ನೇಹಕ್ಕಾಗಿ ಏನು ಬೇಕಾದರೂ ಮಾಡುವವನು, ಕುಂತಲ್ಲಿಂದ ಏಳುವುದೊಂದನ್ನು ಬಿಟ್ಟು.

ಕಾಶೀರಾಮ ಬಂದ. ಬಿಳಿ ಟೋಪಿಯ, ಮೆಲು ನಗೆಯ ಮನುಷ್ಯ. ಹೊರಸಿನ ಮೇಲೆ ಕೂತು ನೀರು ಕುಡಿದು ಬಾಯಿ ತೆರೆಯುವುದಕ್ಕೂ ತಲೆಯ ಮೇಲೆ ವಿಮಾನ ಬರುವುದಕ್ಕೂ ಸರಿಹೋಯಿತು. ಚಿದ್ರಿಯವರೆಲ್ಲ ಸುಮ್ಮನಾದರು. ಔರಾದದವನಿಗೆ ಆ ರಿವಾಜು ಗೊತ್ತಿಲ್ಲ. ಅವನು ಬಹಳ ಹೊತ್ತು ಏನೋ ಹೇಳಿದ. ಬೆರಳು ಮೇಲೆ ತೋರಿಸಿದ, ಕೈಯಾಡಿಸಿದ, ನಕ್ಕ, ಕೊನೆಗೆ ಪ್ರಶ್ನೆಯ ಮುಖ ಮಾಡಿದ. ಬೀಗನಾಗುವವನಿಗೆ ಏನು ಅಂದಿರಿ ಎಂದು ಕೇಳುವುದು ಹೇಗೆ? ಪಂಢರಿ, ಅವ್ವ, ಖಾಜಾ ಮಿಯಾ ಮೂವರೂ ಮರ್ಯಾದೆಯಿಂದ ತಲೆಯಾಡಿಸಿದರು. ಕಾಶೀರಾಮನಿಗೆ ಬಹಳ ಸಮಾಧಾನವಾದಂತೆ ಕಂಡಿತು.

ಸದ್ದು ನಿಂತ ಮೇಲೆ ಅವನು ಕೆಲಸ ಹೇಗೆ ನಡೆದಿದೆ ಎಂದಷ್ಟೇ ಕೇಳಿದ. ಪಂಢರಿ ಕನ್ನಡಕ ಸರಿಮಾಡಿಕೊಂಡು, ಹಾರೂದು ಅಂದ್ರ ಸಣ್ಣ ಮಾತಲ್ರಿ ಎಂದು ಶುರುಮಾಡಿದ. ಎರಡು ಮಾತಿನಲ್ಲಿ ಮುಗಿಸುವ ವಿಚಾರವಿತ್ತು. ಆದರೆ ಇಷ್ಟು ವರ್ಷದಲ್ಲಿ ಅವನ ಕನಸನ್ನು ಕೂತು ಕೇಳಿದವರೇ ಇರಲಿಲ್ಲ.

ನಸುಕಿನಲ್ಲಿ ಏಳುವುದು, ಗಾಳಿ ಮೋಡದ ವರದಿ ಕೇಳುವುದು, ವಿಮಾನದ ಸುತ್ತ ಸುತ್ತು ಹಾಕಿ ಮುಟ್ಟಿ ನೋಡುವುದು ಎಲ್ಲ ಹೇಳಿದ. ಜೋರಾಗಿ ತಿರುಗಿದರೆ ಮೈ ಐದಾರು ಪಟ್ಟು ಭಾರವಾಗಿ ರಕ್ತ ಕಾಲಿಗಿಳಿಯುತ್ತದೆ, ಕಣ್ಣು ಕತ್ತಲಾಗುತ್ತದೆ, ಆಗ ಹೊಟ್ಟೆ ಬಿಗಿಹಿಡಿದು ಉಸಿರಾಡಬೇಕು ಎಂದ. ಮೊದಮೊದಲು ಹಿಂದಿನ ಸೀಟಿನಲ್ಲಿ ಗುರು ಕೂತಿರುತ್ತಾನೆ. ಒಂದು ದಿನ ಅವನು ಕೆಳಗಿಳಿದು, ಇನ್ನು ನೀನೊಬ್ಬನೇ ಹೋಗು ಅನ್ನುತ್ತಾನೆ.

"ಆ ದಿನ ಕೆಳಗ ನೋಡಿದ್ರ ಮಾಂಜ್ರಾ ನದಿ ಒಂದು ದಾರದ್ಹಂಗ ಕಾಣ್ತದ್ರಿ. ಬರಾ ಇಲ್ಲ, ಬ್ಯಾಸಗಿ ಇಲ್ಲ. ಯಾರೂ ಊರು ಬಿಟ್ಟು ಹೋಗಿಲ್ಲ ಅನಸ್ತದ."

ಹೇಳುತ್ತ ಪಂಢರಿಯ ದನಿ ಒದ್ದೆಯಾಯಿತು. ಅವನು ಆಗ ಸುಳ್ಳು ಹೇಳುತ್ತಿರಲಿಲ್ಲ. ಖಾಜಾ ಮಿಯಾ ಕೂಡ ತಾವೇ ಕಟ್ಟಿದ ನಾಟಕ ಮರೆತು ಬಾಯಿ ತೆರೆದು ಕೂತಿದ್ದರು. ಕೊನೆಗೆ ಅವಘಡವಾದರೆ ಸೀಟೇ ಪೈಲಟ್‌ನನ್ನು ಹೊರಗೆ ಒಗೆಯುತ್ತದೆಂದೂ, ಎರಡು ಮೂರು ವರ್ಷಕ್ಕೊಮ್ಮೆ ಅಸ್ಸಾಮಿಗೋ ರಾಜಸ್ಥಾನಕ್ಕೋ ವರ್ಗವಾಗುತ್ತದೆಂದೂ ಸೇರಿಸಿದಾಗ ಕಾಶೀರಾಮ ಟೋಪಿ ತೆಗೆದು ಬೆವರು ಒರೆಸಿಕೊಂಡ. ಆ ಹೊರಗಿನ ಟ್ಯಾಂಕರ್ ಯಾರದು ಎಂದು ಕೇಳಿದ. ಬಾಗಿಲಲ್ಲಿ ನಿಂತಿದ್ದ ಗೋರಖ, ಕಲಿಸಿದ ಪಾಠದಂತೆ, ತಾನೇ ಓಡಿಸುವುದಾಗಿ ಹೇಳಿ ತನ್ನ ಅಂಗಡಿಗೆ ಹೋದ.

ಕಾಶೀರಾಮ ನಿಟ್ಟುಸಿರು ಬಿಟ್ಟ.

"ಸಿಟ್ಟಾಗಬ್ಯಾಡ್ರಿ ಕೌಸಲ್ಯಾಬಾಯಿ. ಬಂದ ಕೂಡ್ಲೆ ನಾ ಕೇಳಿದ್ನಲ್ಲ, ಪೈಲಟ್ ಅನ್ನೂದು ಬರೇ ಅಡ್ಡಹೆಸರು ಹೌದಲ್ಲ, ಹುಡುಗ ಟ್ಯಾಂಕರ್ ಓಡಸ್ತಾನ ಹೌದಲ್ಲ ಅಂತ. ಮೂರೂ ಮಂದಿ ಹೌದು ಅಂತ ತಲಿ ಆಡಸಿದ್ರಿ. ಈಗ ನೋಡಿದ್ರ ಇಂವ ಖರೇನ ಹಾರಸ್ತಾನ. ನಮ್ಮೂರಾಗ ಅರ್ಧ ಮಂದಿ ನೀರಿಲ್ಲಂತ ಊರು ಬಿಟ್ಟಾರ. ನೀರ ತರೂ ಅಳಿಯ ಬೇಕಂತ ಬಂದೇನಿ. ಇಮಾನದಾಗ ನೀರ ಬರ್ತದೇನ್ರಿ?"

ಪಂಢರಿ ಕನ್ನಡಕ ಕಿತ್ತು ಒಗೆದು ಎದ್ದು ನಿಂತ. "ಆ ಟ್ಯಾಂಕರ್ ನಾನೇ" ಅನ್ನುವಷ್ಟರಲ್ಲಿ ತಲೆಯ ಮೇಲೆ ಸದ್ದು ಬಂತು. ಈ ಸಲ ಒಂದಲ್ಲ, ಒಂದರ ಹಿಂದೊಂದು ಸಾಲಾಗಿ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ನಾಲಿಗೆ ತಾನಾಗಿ ನಿಂತಿತು. ಇಷ್ಟು ಸಾಲದೆಂಬಂತೆ ಕತ್ತೂ ಮೇಲೆದ್ದಿತು. ಕಿಟಕಿಯಲ್ಲಿ ವಿಮಾನಗಳು ಬಿಸಿಲಿಗೆ ಹೊಳೆಯುತ್ತ ಗಾಲಿ ಮಡಚಿಕೊಂಡು ಹೋದವು. ಎಷ್ಟು ಚೆಂದ, ಅಂದುಕೊಂಡ ಬಡಪಾಯಿ.

ಕಣ್ಣು ಕೆಳಗಿಳಿಸಿದಾಗ ಹೊರಸಿನ ಮೇಲೆ ಕಾಶೀರಾಮ ಇರಲಿಲ್ಲ. ಹೊರಗೆ, ಬಾಯಿ ಸಿಹಿ ಮಾಡಲು ಅವ್ವ ತಂದಿಟ್ಟಿದ್ದ ಬಟ್ಟಲಿನ ಸಕ್ಕರೆಯನ್ನೇ, ಸಂಬಂಧ ಗಟ್ಟಿಯಾಯಿತೆಂದು ಗೋರಖನ ಬಾಯಿಗೆ ಹಾಕುತ್ತಿದ್ದ. ಪಂಢರಿ ಓಡಿ ಹೋಗಿ ಟ್ಯಾಂಕರ್ ತನ್ನದು, ತಾನು ಡ್ರೈವರು, ವಿಮಾನವನ್ನು ಇಲ್ಲಿಯವರೆಗೆ ಕೈಯಿಂದ ಮುಟ್ಟಿಲ್ಲ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ. ಖಾಜಾ ಮಿಯಾ ಅಲ್ಲಾನ ಮೇಲೆ ಆಣೆ ಇಟ್ಟರು. ಕಾಶೀರಾಮ ಪಂಢರಿಯ ಬೆನ್ನು ಸವರಿದ.

"ಇಷ್ಟೆಲ್ಲ ತಿಳಿದಾಂವ ಟ್ಯಾಂಕರ್ ಹೊಡಿತಾನಂದ್ರ ಯಾರ ನಂಬ್ತಾರಪ್ಪ? ದೊಡ್ಡ ಮನಸು ನಿಂದು. ನಮ್ಮ ಹುಡುಗಿಗಾಗಿ ನೀ ಇಷ್ಟು ಕೆಳಗ ಇಳೀಬ್ಯಾಡ."

ಗೋರಖನ ಬಾಯಿ ತುಂಬ ಸಕ್ಕರೆ ಇತ್ತು.

ಸಂಜೆ ಪಂಢರಿ ಟ್ಯಾಂಕರಿನ ನೆರಳಲ್ಲಿ ಮಂಕಾಗಿ ಕೂತಿದ್ದ. ಆ ತುಂಬಿದ ಲೋಟ ಕಣ್ಣ ಮುಂದಿನಿಂದ ಹೋಗಲೊಲ್ಲದು. ಗೋರಖ ಬಂದು ಪಕ್ಕಕ್ಕೆ ಕೂತ. ಬಹಳ ಹೊತ್ತು ನೆಲ ಕೆರೆದ. ಬರುವ ಸೋಮವಾರ ಮಾವನ ಊರಿಗೆ ಟ್ಯಾಂಕರ್ ತರುತ್ತೇನೆಂದು ಮಾತು ಕೊಟ್ಟದ್ದಾಗಿ ಹೇಳಿ, ದನಿ ಇನ್ನೂ ಸಣ್ಣದು ಮಾಡಿದ.

"ಪಂಢರಿ, ಈ ಕ್ಲಚ್ ಅನ್ನೂದು ಯಾವ ಕಾಲಿಗಿ ಬರ್ತದೋ?"

ಪಂಢರಿ ಅವನನ್ನು ನೋಡಿದ, ಆಕಾಶ ನೋಡಿದ. ಆಮೇಲೆ ಎದ್ದು ಲುಂಗಿ ಕೊಡವಿಕೊಂಡ.

"ಕ್ಲಚ್ ಆಮ್ಯಾಲ. ಮೊದಲ ಗಾಡಿ ಸುತ್ತ ಒಂದು ಸುತ್ತ ಹಾಕು" ಎಂದ.